ಬಿಸಿಲು ಬರೆದದ್ದನ್ನು ನೀರು ಅಳಿಸದಂತೆ

ಬೆಂಗಳೂರಿನ ಪೂರ್ವ ಭಾಗದಲ್ಲಿ ಸಯನೋಟೈಪ್ ಚಿತ್ರ ಕೆಟ್ಟರೆ ಬಹುಮಟ್ಟಿಗೆ ತಪ್ಪು ಬಿಸಿಲಿನದಲ್ಲ, ನೀರಿನದು. ಮೊದಲ ಸಲ ಕೈ ಹಾಕುವವರು ಚಿಂತಿಸುವುದೆಲ್ಲ ಬಿಸಿಲಿನ ಬಗ್ಗೆಯೇ: ಇವತ್ತು ಮೋಡ ಇದೆಯಲ್ಲ, ಎಷ್ಟು ನಿಮಿಷ ಇಡಬೇಕು, ತೆಗೆಯಬೇಕಾದ ಹೊತ್ತು ಗೊತ್ತಾಗುವುದು ಹೇಗೆ. ಬಿಸಿಲಿನ ಕೆಲಸ ಸಾಮಾನ್ಯವಾಗಿ ಸರಿಯಾಗಿಯೇ ಆಗಿರುತ್ತದೆ. ಕಾಗದವನ್ನು ಒಳಗೆ ತಂದು ನಲ್ಲಿ ನೀರಿಗೆ ಹಾಕಿದ ಕೂಡಲೇ ಕಡು ನೀಲಿ ಕಾಣಿಸಿಕೊಳ್ಳುತ್ತದೆ. ಆಮೇಲೆ ತೊಳೆಯುತ್ತ ತೊಳೆಯುತ್ತ ಆ ನೀಲಿ ತೆಳುವಾಗುತ್ತದೆ, ಎಲೆಯ ಅಂಚು ಮಸುಕಾಗುತ್ತದೆ, ಬಿಳಿ ಇರಬೇಕಾದ ಕಡೆ ತುಕ್ಕಿನ ಹಳದಿ ಉಳಿಯುತ್ತದೆ. ಕೆ.ಆರ್. ಪುರದ ಕಡೆಯ ಬೋರ್ ನೀರಿನಲ್ಲಿ ತೊಳೆದವರಿಗೆ ಈ ಅನುಭವ ಹೆಚ್ಚು. ಇಂದಿರಾನಗರದಲ್ಲಿ ಕಾವೇರಿ ನಲ್ಲಿಯ ಕೆಳಗೆ ತೊಳೆದ ಚಿತ್ರ ಅಷ್ಟು ಸುಲಭವಾಗಿ ಮಾಸುವುದಿಲ್ಲ. ರಾಸಾಯನಿಕ ಅದೇ, ಕಾಗದ ಅದೇ, ಸೂರ್ಯನೂ ಅವನೇ. ಕಾರಣ ತಿಳಿದರೆ ಪರಿಹಾರ ದಿನಸಿ ಅಂಗಡಿಯ ಒಂದು ಚಿಟಿಕೆ ನಿಂಬೆ ಉಪ್ಪಿನಲ್ಲಿದೆ.

ಸಯನೋಟೈಪ್ ಎಂದರೆ ಕಬ್ಬಿಣದ ಲವಣ ಬಳಿದ ಕಾಗದದ ಮೇಲೆ ಬಿಸಿಲಿನಿಂದ ಮೂಡಿಸುವ ನೀಲಿ ಚಿತ್ರ. ಕ್ಯಾಮೆರಾ ಬೇಕಿಲ್ಲ, ಕತ್ತಲೆ ಕೋಣೆ ಬೇಕಿಲ್ಲ, ಬೆಳ್ಳಿಯ ಲವಣವೂ ಬೇಕಿಲ್ಲ. ಇಂಗ್ಲೆಂಡಿನ ಖಗೋಳ ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲಿ ಇದನ್ನು ಕಂಡುಹಿಡಿದರು. ಮರುವರ್ಷವೇ ಆನಾ ಆಟ್ಕಿನ್ಸ್ ಎಂಬ ಸಸ್ಯಾಸಕ್ತೆ ಕಡಲಪಾಚಿಗಳನ್ನು ನೇರವಾಗಿ ಕಾಗದದ ಮೇಲಿಟ್ಟು ಬಿಸಿಲಿಗೆ ಒಡ್ಡಿ, ಛಾಯಾಚಿತ್ರಗಳೇ ತುಂಬಿದ ಜಗತ್ತಿನ ಮೊದಲ ಪುಸ್ತಕದ ಮೊದಲ ಕಂತನ್ನು ಹೊರತಂದರು. ಮುಂದೆ ಎಂಜಿನಿಯರುಗಳು ಇದೇ ವಿಧಾನವನ್ನು ನಕ್ಷೆಗಳ ಪ್ರತಿ ತೆಗೆಯಲು ಬಳಸಿದರು. ನೀಲಿ ಹಿನ್ನೆಲೆಯ ಮೇಲೆ ಬಿಳಿ ಗೆರೆ ಇರುವ ಆ ಬ್ಲೂಪ್ರಿಂಟ್ ಕಾಲಕ್ರಮದಲ್ಲಿ ಅಮೋನಿಯಾ ಪ್ರಿಂಟಿಗೆ ಜಾಗ ಬಿಟ್ಟುಕೊಟ್ಟಿತು.

ಬಿಸಿಲಿನಲ್ಲಿ ಚಿತ್ರ ಮುದ್ರಿಸುವ ಕೆಲಸ ಈ ಊರಿಗೆ ಹೊಸದಲ್ಲ. ಮದ್ರಾಸ್ ಸೈನ್ಯದ ಅಧಿಕಾರಿಯಾಗಿದ್ದ ಲಿನ್ನೇಯಸ್ ಟ್ರೈಪ್ 1854ರ ಕೊನೆಯಲ್ಲಿ ಬೇಲೂರು, ಹಳೇಬೀಡುಗಳ ದೇವಾಲಯಗಳನ್ನು ಚಿತ್ರಿಸಿದವರು. ಮರುವರ್ಷ ಬರ್ಮಾಕ್ಕೆ ಹೋದ ನಿಯೋಗದ ಜೊತೆ ಹೋಗಿ ಬಂದು, 1856–57ರಲ್ಲಿ ಬೆಂಗಳೂರಿನಲ್ಲೇ ಕೂತು ಬರ್ಮಾದಲ್ಲಿ ತೆಗೆದ ಚಿತ್ರಗಳ ಪ್ರತಿಗಳನ್ನು ಮುದ್ರಿಸಿದರು. ಅವರದು ನೀಲಿಯಲ್ಲ, ಬೆಳ್ಳಿಯ ಲವಣದ ಕಂದು ಚಿತ್ರ. ಆದರೆ ಕೆಲಸದ ಕ್ರಮ ಇವತ್ತು ನಾವು ತಾರಸಿಯ ಮೇಲೆ ಮಾಡುವುದೇ: ಲೇಪಿಸಿದ ಕಾಗದದ ಮೇಲೆ ನೆಗೆಟಿವ್ ಇಡುವುದು, ಗಾಜಿನಿಂದ ಒತ್ತುವುದು, ಬಿಸಿಲಿಗೆ ಇಡುವುದು, ನೀರಿನಲ್ಲಿ ತೊಳೆಯುವುದು. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ, ವರ್ಷದ ಬಹುಭಾಗ ಒಣ ಹವೆ ಇರುವ ಈ ಊರು ಆ ಕೆಲಸಕ್ಕೆ ಹೇಳಿ ಮಾಡಿಸಿದ ಜಾಗ.

ಕಾಗದದ ಮೇಲೆ ಆಗುವುದೇನು

ಬೇಕಾದದ್ದು ಎರಡೇ ರಾಸಾಯನಿಕ. ಒಂದು ಫೆರಿಕ್ ಅಮೋನಿಯಂ ಸಿಟ್ರೇಟ್. ರಕ್ತಹೀನತೆಗೆ ಕೊಡುವ ಕೆಲವು ಟಾನಿಕ್‌ಗಳಲ್ಲಿರುವ ಕಬ್ಬಿಣದ ಲವಣ ಇದೇ. ಇನ್ನೊಂದು ಪೊಟ್ಯಾಸಿಯಂ ಫೆರಿಸಯನೈಡ್, ಕಿತ್ತಳೆಗೆಂಪಿನ ಹರಳು. ಮೊದಲನೆಯದರಲ್ಲಿರುವ ಕಬ್ಬಿಣ ಫೆರಿಕ್ ಸ್ಥಿತಿಯಲ್ಲಿರುತ್ತದೆ. ಬಿಸಿಲಿನ ನೇರಳಾತೀತ ಕಿರಣ ಬಿದ್ದಾಗ ಸಿಟ್ರೇಟ್ ಒಡೆದು ಕಬ್ಬಿಣಕ್ಕೆ ಒಂದು ಎಲೆಕ್ಟ್ರಾನ್ ಕೊಡುತ್ತದೆ, ಫೆರಿಕ್ ಕಬ್ಬಿಣ ಫೆರಸ್ ಆಗುತ್ತದೆ. ಈ ಫೆರಸ್ ಕಬ್ಬಿಣ ಪಕ್ಕದಲ್ಲೇ ಇರುವ ಫೆರಿಸಯನೈಡ್ ಜೊತೆ ಸೇರಿ ಪ್ರಷ್ಯನ್ ನೀಲಿ ಎಂಬ, ನೀರಿನಲ್ಲಿ ಕರಗದ ಬಣ್ಣವಾಗಿ ಕಾಗದದ ನಾರಿನೊಳಗೇ ಕೂರುತ್ತದೆ. ಎಲೆಯ ಅಥವಾ ನೆಗೆಟಿವ್‌ನ ಕಪ್ಪು ಭಾಗದ ನೆರಳಿನಲ್ಲಿದ್ದ ಕಡೆ ಏನೂ ಆಗಿರುವುದಿಲ್ಲ. ಅಲ್ಲಿನ ಲವಣಗಳು ಕರಗುವ ಸ್ಥಿತಿಯಲ್ಲೇ ಉಳಿದು, ತೊಳೆದಾಗ ಹೊರಟುಹೋಗಿ ಬಿಳಿ ಕಾಗದ ಕಾಣುತ್ತದೆ. ಪ್ರತ್ಯೇಕವಾಗಿ ಡೆವಲಪರ್, ಫಿಕ್ಸರ್ ಎಂಬ ಯಾವುದೂ ಇಲ್ಲ. ನೀರೇ ಎರಡೂ ಕೆಲಸ ಮಾಡುತ್ತದೆ. ನೀರಿನ ಗುಣಕ್ಕೆ ಇಷ್ಟು ಬೆಲೆ ಬಂದಿರುವುದು ಅದರಿಂದಲೇ.

ಪ್ರಷ್ಯನ್ ನೀಲಿ ಆಮ್ಲಕ್ಕೆ ಹೆದರುವುದಿಲ್ಲ, ಕ್ಷಾರಕ್ಕೆ ಹೆದರುತ್ತದೆ. ಕ್ಷಾರದಲ್ಲಿ ಅದು ಒಡೆದು ತುಕ್ಕಿನ ಬಣ್ಣದ ಕಬ್ಬಿಣದ ಹೈಡ್ರಾಕ್ಸೈಡ್ ಆಗುತ್ತದೆ. ಬೋರ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೈಕಾರ್ಬೊನೇಟುಗಳು ಕರಗಿರುತ್ತವೆ, ನೀರು ಕ್ಷಾರದ ಕಡೆ ವಾಲಿರುತ್ತದೆ. ನಿಮ್ಮ ಮನೆಯ ನಲ್ಲಿಯ ಬಾಯಿಗೆ, ಬಕೆಟ್ಟಿನ ಒಳಗೋಡೆಗೆ ಬಿಳಿ ಪೊರೆ ಕಟ್ಟಿದ್ದರೆ, ಸೋಪಿಗೆ ನೊರೆ ಬರುವುದು ಕಷ್ಟವಾಗಿದ್ದರೆ ಆ ನೀರು ಗಡಸು ಎಂದು ಬೇರೆ ಪರೀಕ್ಷೆಯಿಲ್ಲದೆ ಹೇಳಬಹುದು. ಅಂಥ ನೀರಿನಲ್ಲಿ ಅರ್ಧ ಗಂಟೆ ತೊಳೆದರೆ ಚಿತ್ರದ ತೆಳು ಛಾಯೆಗಳು ಮೊದಲು ಹೋಗುತ್ತವೆ: ದಳದ ನರ, ಎಲೆಯ ತುದಿ, ಮುಖಚಿತ್ರವಾದರೆ ಕೆನ್ನೆಯ ಮೃದು ನೆರಳು. ನೀರಿನಲ್ಲಿ ಕರಗಿದ ಫೆರಸ್ ಕಬ್ಬಿಣ ಇದ್ದರೆ ತೊಂದರೆ ಇನ್ನೊಂದು ದಿಕ್ಕಿನಿಂದ ಬರುತ್ತದೆ. ಕಾಗದದಲ್ಲಿ ಉಳಿದ ಫೆರಿಸಯನೈಡ್ ಜೊತೆ ಅದು ಸೇರಿ, ಬಿಳಿ ಇರಬೇಕಾದ ಕಡೆಗೂ ನೀಲಿ ಹರಡುತ್ತದೆ.

ಪೂರ್ವ ಬೆಂಗಳೂರಿನಲ್ಲಿ ಯಾವ ಮನೆಗೆ ಯಾವ ನೀರು ಎನ್ನುವುದು ಬೀದಿಯಿಂದ ಬೀದಿಗೆ ಬದಲಾಗುತ್ತದೆ. ಶಿವಾಜಿನಗರ, ಹಲಸೂರು, ಇಂದಿರಾನಗರಗಳಿಗೆ ಕಾವೇರಿ ನೀರು ಬಂದು ದಶಕಗಳಾದವು. ಮಹದೇವಪುರದ ಭಾಗವೂ ಸೇರಿ ನಗರಕ್ಕೆ ಹೊಸದಾಗಿ ಸೇರಿದ 110 ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಐದನೇ ಹಂತ 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾಯಿತು. ದಿನಕ್ಕೆ 775 ದಶಲಕ್ಷ ಲೀಟರ್ ಅದರ ಸಾಮರ್ಥ್ಯ. ಆದರೂ ಅಪಾರ್ಟ್‌ಮೆಂಟಿನ ಸಂಪಿನಲ್ಲಿ ಕಾವೇರಿ, ಬೋರ್, ಟ್ಯಾಂಕರ್ ಮೂರೂ ಬೆರೆತಿರುವುದೇ ಹೆಚ್ಚು. ಆದ್ದರಿಂದ ಊಹಿಸುವ ಬದಲು ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಪಿಎಚ್ ಪಟ್ಟಿಯನ್ನು ಒಮ್ಮೆ ಅದ್ದಿ ನೋಡುವುದು ಒಳ್ಳೆಯದು. ಏಳಕ್ಕಿಂತ ಮೇಲಿದ್ದರೆ ಹುಳಿ ಬೇಕು. ದ್ರಾವಣ ಕಲಸಲು ಮಾತ್ರ ಆರ್‌ಒ ನೀರು ಅಥವಾ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸಿ. ಆರ್‌ಒ ಯಂತ್ರ ಹೊರಗೆ ಬಿಡುವ ತ್ಯಾಜ್ಯ ನೀರನ್ನು ಹಲವರು ನೆಲ ಒರೆಸಲು ಹಿಡಿದಿಡುತ್ತಾರೆ. ಚಿತ್ರ ತೊಳೆಯಲು ಅದನ್ನು ಮುಟ್ಟಬೇಡಿ. ಒಳಬಂದ ನೀರಿಗಿಂತ ಅದು ಹೆಚ್ಚು ಗಡಸು.

ಕಲಸುವ ಮುಂಚೆ ತಿಳಿಯಬೇಕಾದ್ದು

ಹೆಸರಿನಲ್ಲಿ ಸಯನೈಡ್ ಇದೆ ಎಂದು ಬೆಚ್ಚುವವರಿದ್ದಾರೆ, ಏನೂ ಆಗುವುದಿಲ್ಲ ಎಂದು ಬರಿಗೈಯಲ್ಲಿ ಕಲಸುವವರೂ ಇದ್ದಾರೆ. ಎರಡೂ ಸರಿಯಲ್ಲ. ಪೊಟ್ಯಾಸಿಯಂ ಸಯನೈಡ್ ಮಾರಕ ವಿಷ. ಪೊಟ್ಯಾಸಿಯಂ ಫೆರಿಸಯನೈಡ್ ಬೇರೆಯೇ ವಸ್ತು. ಅದರಲ್ಲಿ ಆರು ಸಯನೈಡ್ ಗುಂಪುಗಳನ್ನು ಕಬ್ಬಿಣ ಬಿಗಿಯಾಗಿ ಹಿಡಿದಿಟ್ಟಿರುತ್ತದೆ. ಆ ಹಿಡಿತ ಇರುವವರೆಗೆ ಅದರ ವಿಷತ್ವ ಕಡಿಮೆ. ಅದರಿಂದ ಹುಟ್ಟುವ ಪ್ರಷ್ಯನ್ ನೀಲಿಯನ್ನಂತೂ ಥಾಲಿಯಂ ಮತ್ತು ವಿಕಿರಣಶೀಲ ಸೀಸಿಯಂ ದೇಹ ಸೇರಿದವರಿಗೆ ಔಷಧಿಯಾಗಿ ಕೊಡುತ್ತಾರೆ. ಹಾಗಾದರೆ ಅಪಾಯ ಎಲ್ಲಿದೆ? ಆ ಹಿಡಿತ ಸಡಿಲಿಸುವ ನಮ್ಮ ಕೆಲಸಗಳಲ್ಲಿ. ಪ್ರಬಲ ಆಮ್ಲ, ಅದರಲ್ಲೂ ಬಿಸಿ ಆಮ್ಲ, ಫೆರಿಸಯನೈಡ್ ಮೇಲೆ ಬಿದ್ದರೆ ಹೈಡ್ರೋಜನ್ ಸಯನೈಡ್ ಎಂಬ ವಿಷಾನಿಲ ಹೊರಡುತ್ತದೆ. ಈ ದ್ರಾವಣವನ್ನು ಒಲೆಯ ಮೇಲೆ ಕಾಯಿಸುವುದು, ಒಣಗಿದ ಪುಡಿಯನ್ನು ಸುಡುವುದು ಕೂಡದು.

ನಮ್ಮ ಮನೆಗಳಲ್ಲಿ ಈ ಎಚ್ಚರಿಕೆ ಮುಖ್ಯವಾಗುವುದು ಒಂದು ಸರಳ ಕಾರಣಕ್ಕೆ. ಚಿತ್ರ ತೊಳೆಯುವ ಜಾಗ ಸಾಮಾನ್ಯವಾಗಿ ಬಚ್ಚಲುಮನೆ. ಟಾಯ್ಲೆಟ್ ತೊಳೆಯುವ ಆ್ಯಸಿಡ್, ಬ್ಲೀಚಿಂಗ್ ಪೌಡರ್ ಇರುವುದೂ ಅಲ್ಲೇ. ಟಾಯ್ಲೆಟ್ ಕ್ಲೀನರುಗಳಲ್ಲಿ ಬಹಳಷ್ಟು ಹೈಡ್ರೋಕ್ಲೋರಿಕ್ ಆಮ್ಲದವು. ಕೆಲಸ ಮಾಡುವ ದಿನ ಆ ಬಾಟಲಿಗಳನ್ನು ಬಚ್ಚಲಿನಿಂದ ಹೊರಗಿಡಿ. ನೆಲದ ಮೇಲೆ ನೀಲಿ ಕಲೆ ಕಂಡಿತು ಎಂದು ಆ್ಯಸಿಡ್ ಸುರಿಯಲು ಹೋಗಬೇಡಿ. ಮನೆಕೆಲಸಕ್ಕೆ ಬರುವವರಿಗೂ ಅದನ್ನು ಮೊದಲೇ ಹೇಳಿಡಬೇಕು. ನೀಲಿ ಕಲೆಗೆ ವಾಷಿಂಗ್ ಸೋಡಾ ನೀರು ಸಾಕು. ಬೋರ್ ನೀರು ಚಿತ್ರಕ್ಕೆ ಮಾಡುವ ಕೇಡನ್ನೇ ಸೋಡಾ ಕಲೆಗೆ ಮಾಡುತ್ತದೆ. ಉಳಿಯುವ ಹಳದಿ ಗುರುತನ್ನು ಚೆನ್ನಾಗಿ ನೀರು ಹಾಕಿ ತೊಳೆದ ಮೇಲೆ ನಿಂಬೆ ಉಪ್ಪಿನಿಂದ ತೆಗೆಯಬಹುದು. ನಿಂಬೆ ಉಪ್ಪು, ವಿನೆಗರ್‌ಗಳು ದುರ್ಬಲ ಆಮ್ಲಗಳು. ತೆಳುವಾಗಿ, ತಣ್ಣೀರಿನಲ್ಲಿ ಬಳಸುವಾಗ ಅವುಗಳಿಂದ ಈ ಅಪಾಯವಿಲ್ಲ.

ಕೊಳ್ಳುವಾಗ ಹೆಸರನ್ನು ಬಾಯಲ್ಲಿ ಹೇಳುವುದಕ್ಕಿಂತ ಚೀಟಿಯಲ್ಲಿ ಬರೆದು ಕೊಡಿ. ಫೆರಿಸಯನೈಡ್ ಕೇಳಿದರೆ ಫೆರೋಸಯನೈಡ್ ಕೈಗೆ ಬರುವುದುಂಟು. ಅದು ಹಳದಿ ಹರಳು, ಈ ಕೆಲಸಕ್ಕೆ ಬಾರದು. ಫೆರಿಕ್ ಅಮೋನಿಯಂ ಸಿಟ್ರೇಟಿನಲ್ಲಿ ಹಸಿರು, ಕಂದು ಎಂದು ಎರಡು ಬಗೆ. ಹಸಿರಿನದು ಬಿಸಿಲಿಗೆ ಬೇಗ ಸ್ಪಂದಿಸುತ್ತದೆ. ಕಂದಿನದೂ ನಡೆಯುತ್ತದೆ, ಹೆಚ್ಚು ಹೊತ್ತು ಬಿಸಿಲು ಬೇಡುತ್ತದೆ. ಲ್ಯಾಬ್ ಕೆಮಿಕಲ್ ಮಾರುವ ಅಂಗಡಿಗಳಲ್ಲಿ ಎರಡೂ ರಾಸಾಯನಿಕ ಸಿಗುತ್ತವೆ. ಹಳೆಯ ಕೆಲವು ಸೂತ್ರಗಳಲ್ಲಿ ಛಾಯೆಯ ಗಡಸುತನ ಹೆಚ್ಚಿಸಲು ಪೊಟ್ಯಾಸಿಯಂ ಡೈಕ್ರೋಮೇಟ್ ಸೇರಿಸಲು ಹೇಳಿರುತ್ತಾರೆ. ಅದು ಕ್ಯಾನ್ಸರ್ ತರುವ ವಸ್ತು. ಮನೆಯೊಳಗೆ ತರಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅದಿಲ್ಲದೆಯೂ ಒಳ್ಳೆಯ ಚಿತ್ರ ಬರುತ್ತದೆ.

ಪುಡಿ ತೂಗುವ ಹೊತ್ತು ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದ ಹೊತ್ತು. ಫ್ಯಾನ್ ಆರಿಸಿ, ಮಾಸ್ಕ್ ಮತ್ತು ಮೆಡಿಕಲ್ ಶಾಪಿನ ನೈಟ್ರೈಲ್ ಕೈಗವಸು ಹಾಕಿ, ಮೇಜಿಗೆ ಹಳೆ ಪೇಪರ್ ಹಾಸಿ. ಕನ್ನಡಕ ಇಲ್ಲದವರು ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿಕೊಳ್ಳಬೇಕು. ಚಮಚ, ಲೋಟ, ಜಾಲರಿ ಎಲ್ಲವೂ ಈ ಕೆಲಸಕ್ಕೇ ಮೀಸಲು. ಒಮ್ಮೆ ಬಳಸಿದ ಲೋಟ ಎಷ್ಟು ತೊಳೆದರೂ ಅಡುಗೆಮನೆಗೆ ವಾಪಸ್ ಹೋಗಬಾರದು. ದ್ರಾವಣ ಇಟ್ಟ ಬಾಟಲಿ ಫ್ರಿಜ್ಜಿಗೂ ಹೋಗಬಾರದು. ತಂಪು ಪಾನೀಯದ ಬಾಟಲಿಯಲ್ಲಂತೂ ಎಂದೂ ತುಂಬಬೇಡಿ. ಫೆರಿಕ್ ದ್ರಾವಣ ನೋಡಲು ಟಾನಿಕ್‌ನಂತೆಯೇ ಇರುತ್ತದೆ, ಮಗು ಕುಡಿಯಬಹುದು. ದೊಡ್ಡ ಅಕ್ಷರದ ಚೀಟಿ ಅಂಟಿಸಿ ಮೇಲಿನ ಕಪಾಟಿನಲ್ಲಿಡಿ. ಕಣ್ಣಿಗೆ ಸಿಡಿದರೆ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ವೈದ್ಯರಿಗೆ ತೋರಿಸಿ. ಹೊಟ್ಟೆಗೆ ಹೋದರೆ ಬಾಟಲಿಯ ಸಮೇತ ಆಸ್ಪತ್ರೆಗೆ ಹೋಗಿ, ಏನು ಕುಡಿದದ್ದು ಎಂದು ಅವರಿಗೆ ತಕ್ಷಣ ತಿಳಿಯಲಿ. ಮಕ್ಕಳು ಪುಡಿ ಮುಟ್ಟುವುದು, ಕಲಸುವುದು ಬೇಡ. ದೊಡ್ಡವರು ಬಳಿದು ಒಣಗಿಸಿದ ಕಾಗದದ ಮೇಲೆ ಎಲೆ ಜೋಡಿಸುವುದು, ಬಿಸಿಲಿಗೆ ಇಡುವುದು, ಕೈಗವಸು ಹಾಕಿ ತೊಳೆಯುವುದು ಅವರ ಪಾಲಿಗಿರಲಿ. ಸಂತೋಷವೆಲ್ಲ ಇರುವುದೂ ಆ ಭಾಗದಲ್ಲೇ.

ಅಳತೆ ಹೀಗೆ: 100 ಮಿ.ಲೀ. ನೀರಿಗೆ 25 ಗ್ರಾಂ ಫೆರಿಕ್ ಅಮೋನಿಯಂ ಸಿಟ್ರೇಟ್, ಇನ್ನೊಂದು 100 ಮಿ.ಲೀ. ನೀರಿಗೆ 10 ಗ್ರಾಂ ಪೊಟ್ಯಾಸಿಯಂ ಫೆರಿಸಯನೈಡ್. ಎರಡನ್ನೂ ಬೇರೆ ಬೇರೆ ಕಂದು ಬಾಟಲಿಯಲ್ಲಿಟ್ಟರೆ ವಾರಗಟ್ಟಲೆ ಉಳಿಯುತ್ತವೆ. ಮೊದಲನೆಯದಕ್ಕೆ ಬೂಷ್ಟು ಬರುತ್ತದೆ. ಮೇಲೆ ತೇಲುವುದನ್ನು ಕಾಫಿ ಫಿಲ್ಟರ್ ಪೇಪರಿನಲ್ಲಿ ಸೋಸಿದರೆ ಉಳಿದದ್ದನ್ನು ಬಳಸಬಹುದು. ಎರಡನ್ನೂ ಸಮಭಾಗ ಬೆರೆಸಿದ ಕ್ಷಣದಿಂದ ಅದಕ್ಕೆ ಬೆಳಕಿನ ಅರಿವು ಬರುತ್ತದೆ, ಆಯುಷ್ಯ ಕೆಲವೇ ಗಂಟೆ. ಒಂದು ಎ4 ಹಾಳೆಗೆ ಎರಡರಿಂದ ಮೂರು ಮಿ.ಲೀ. ಸಾಕಾಗುವುದರಿಂದ ಹತ್ತು ಹತ್ತು ಮಿ.ಲೀ. ಬೆರೆಸಿದರೆ ಏಳೆಂಟು ಹಾಳೆಯಾಗುತ್ತದೆ. ಅಗತ್ಯಕ್ಕಿಂತ ಹೆಚ್ಚು ಬೆರೆಸದಿರುವುದೇ ಸುರಕ್ಷತೆಯ ಅರ್ಧ ಭಾಗ. ಉಳಿಯದ ದ್ರಾವಣವನ್ನು ಎಲ್ಲಿ ಚೆಲ್ಲುವುದು ಎಂಬ ಪ್ರಶ್ನೆಯೇ ಏಳುವುದಿಲ್ಲ.

ಕಾಗದ ನೂರಕ್ಕೆ ನೂರು ಹತ್ತಿಯದಾದರೆ ಉತ್ತಮ. ಜಲವರ್ಣದ ದಪ್ಪ ಹಾಳೆ ಆಗುತ್ತದೆ. ಬಹಳ ಕಾಲ ಬಾಳಲಿ ಎಂದು ಹಲವು ಕಲಾಕಾಗದಗಳಿಗೆ ತಯಾರಿಯಲ್ಲೇ ಸುಣ್ಣದ ಅಂಶ ಸೇರಿಸಿರುತ್ತಾರೆ, ಅದೂ ಕ್ಷಾರವೇ. ಮೂಲೆಯ ಮೇಲೆ ಒಂದು ಹನಿ ವಿನೆಗರ್ ಹಾಕಿ ನೋಡಿ. ಸಣ್ಣ ಗುಳ್ಳೆ ಎದ್ದರೆ ಆ ಕಾಗದವನ್ನು ನಿಂಬೆ ಉಪ್ಪಿನ ನೀರಿನಲ್ಲಿ ಗುಳ್ಳೆ ನಿಲ್ಲುವವರೆಗೆ ನೆನೆಸಿ, ತೊಳೆದು, ಒಣಗಿಸಿ ಬಳಸಿ. ಬಟ್ಟೆಯ ಮೇಲೆ ಮಾಡುವವರು ಬಿಳಿ ಹತ್ತಿ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು ಗಂಜಿ ಪೂರ್ತಿ ತೆಗೆದಿರಬೇಕು. ಪಾಲಿಯೆಸ್ಟರ್ ಬೆರೆತದ್ದಕ್ಕೆ ನೀಲಿ ಹಿಡಿಯುವುದಿಲ್ಲ.

ಬಳಿಯುವುದು ಕಿಟಕಿಯಿಂದ ದೂರದಲ್ಲಿ, ಹಳದಿ ಬೆಳಕಿನ ಮಂದ ಬಲ್ಬಿನ ಕೆಳಗೆ. ಸ್ಪಂಜಿನ ಬ್ರಷ್ ಒಳ್ಳೆಯದು. ತಗಡಿನ ಕಟ್ಟು ಇರುವ ಬ್ರಷ್ಷಿನಿಂದ ಕಬ್ಬಿಣದ ಕಣ ಬಿದ್ದರೆ ಅಲ್ಲಲ್ಲಿ ಕಡು ನೀಲಿ ಚುಕ್ಕೆ ಏಳುತ್ತದೆ. ಅಡ್ಡಡ್ಡ ಒಮ್ಮೆ, ಉದ್ದುದ್ದ ಒಮ್ಮೆ ಎಳೆದು, ಕೆರೆ ನಿಲ್ಲದಂತೆ ಹರಡಿ, ಕತ್ತಲಲ್ಲಿ ಪೂರ್ತಿ ಒಣಗಿಸಿ. ಒಣಗಿದ ಕಾಗದ ಹಳದಿಹಸಿರು ಇರಬೇಕು. ಆಗಲೇ ನೀಲಿ ತಿರುಗಿದ್ದರೆ ಬೆಳಕು ಸೋಕಿದೆ, ಇಲ್ಲವೇ ತೇವ ಹಿಡಿದಿದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಇಲ್ಲಿನ ಗಾಳಿಯಲ್ಲಿ ತೇವ ಹೆಚ್ಚು, ಬಳಿದ ಕಾಗದವನ್ನು ಅಂದೇ ಬಳಸಿಬಿಡುವುದು ಲೇಸು.

ತಾರಸಿಯ ಮೇಲೆ

ಏನನ್ನು ಮುದ್ರಿಸುವುದು? ಮೊದಲ ದಿನಕ್ಕೆ ಎಲೆಗಿಂತ ಒಳ್ಳೆಯ ಗುರು ಇಲ್ಲ. ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಲ್ಲಿ ಒಂದು ಸುತ್ತು ಹಾಕಿದರೆ ಆ ದಿನದ ಸಾಮಗ್ರಿಯೆಲ್ಲ ಸಿಕ್ಕಿಬಿಡುತ್ತದೆ. ಸಬ್ಬಸಿಗೆ ಸೊಪ್ಪಿನಷ್ಟು ಸೊಗಸಾದ ನೆರಳು ಕೊಡುವ ಗಿಡ ನಾನು ಕಂಡಿಲ್ಲ, ಒಂದೊಂದು ಎಳೆಯೂ ಬಿಡಿಯಾಗಿ ಮೂಡುತ್ತದೆ. ನುಗ್ಗೆ ಸೊಪ್ಪಿನ ಗೊಂಚಲು, ಹೂವಿನ ಅಂಗಡಿಯವರು ಬೊಕೆಗೆ ಸೇರಿಸುವ ಜರಿಗಿಡದ ಎಲೆ, ಇಂದಿರಾನಗರದ ರಸ್ತೆಬದಿಯಲ್ಲಿ ಉದುರಿದ ಗುಲ್‌ಮೊಹರ್ ಎಲೆ, ಎಲ್ಲವೂ ಆಗುತ್ತವೆ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಗಜದ ಲೆಕ್ಕದಲ್ಲಿ ಮಾರುವ ಲೇಸ್ ಕೂಡ ಚೆನ್ನ. ಹಸಿ ಎಲೆಯನ್ನು ಒಂದು ದಿನ ಹಳೆ ಪೇಪರಿನ ನಡುವೆ ಭಾರ ಇಟ್ಟು ಒತ್ತಿಡಿ. ಇಲ್ಲದಿದ್ದರೆ ಬಿಸಿಲಿನಲ್ಲಿ ಅದು ಬೆವರಿ ಕಾಗದಕ್ಕೆ ಕಲೆ ಮಾಡುತ್ತದೆ.

ಫೋಟೋ ಮುದ್ರಿಸುವುದಾದರೆ ಮೊಬೈಲಿನಲ್ಲೇ ಅದನ್ನು ಕಪ್ಪುಬಿಳುಪು ಮಾಡಿ, ಬಣ್ಣ ತಿರುಗಿಸಿ ನೆಗೆಟಿವ್ ಮಾಡಿ, ಎಡಬಲ ಅದಲುಬದಲು ಮಾಡಿ, ಜೆರಾಕ್ಸ್ ಅಂಗಡಿಯಲ್ಲಿ ಓಎಚ್‌ಪಿ ಶೀಟಿನ ಮೇಲೆ ಪ್ರಿಂಟ್ ಹಾಕಿಸಿ. ಎಡಬಲ ತಿರುಗಿಸುವುದು ಏಕೆಂದರೆ ಮಸಿ ಇರುವ ಬದಿ ಕಾಗದಕ್ಕೆ ತಾಗಬೇಕು. ಲೇಸರ್ ಪ್ರಿಂಟಿನ ಕಪ್ಪು ಬಿಸಿಲನ್ನು ಪೂರ್ತಿ ತಡೆಯುವುದಿಲ್ಲ, ಎರಡು ಪ್ರತಿ ತೆಗೆಸಿ ಒಂದರ ಮೇಲೊಂದು ಸರಿಯಾಗಿ ಕೂರಿಸಿದರೆ ಬಿಳಿ ಬಿಳಿಯಾಗಿಯೇ ಬರುತ್ತದೆ.

ಕೆಳಗೆ ಗಟ್ಟಿ ರಟ್ಟು, ಅದರ ಮೇಲೆ ಕಾಗದ, ಎಲೆ ಅಥವಾ ನೆಗೆಟಿವ್, ಮೇಲೆ ಗಾಜು, ನಾಲ್ಕು ಬದಿಗೆ ಕ್ಲಿಪ್ಪು. ಫೋಟೋ ಫ್ರೇಮ್ ಅಂಗಡಿಯಲ್ಲಿ ಸಾದಾ ಗಾಜನ್ನೇ ಕತ್ತರಿಸಿ ಕೊಡಲು ಹೇಳಿ, ಅಂಚು ತಿಕ್ಕಿಸಿಕೊಳ್ಳಿ. ಬಿಸಿಲಿನಲ್ಲಿ ಕಣ್ಣು ಕುಕ್ಕುತ್ತಿರುವಾಗ ಹರಿತ ಅಂಚಿನ ಗಾಜು ಕೈಯಲ್ಲಿರುವುದು ರಾಸಾಯನಿಕಕ್ಕಿಂತ ದೊಡ್ಡ ಅಪಾಯ. ಯುವಿ ತಡೆಯುವ ಗಾಜು ಈ ಕೆಲಸಕ್ಕೆ ನಿಷ್ಪ್ರಯೋಜಕ.

ನೆತ್ತಿಯ ಸೂರ್ಯ ಬೆಂಗಳೂರಿನಲ್ಲಿ ಗಡಿಯಾರದ ಹನ್ನೆರಡಕ್ಕಲ್ಲ, ಬಹುತೇಕ ದಿನ 12 ಗಂಟೆ 10ರಿಂದ 30 ನಿಮಿಷದ ನಡುವೆ. ಭಾರತದ ಕಾಲಮಾನದ ರೇಖೆ ನಮ್ಮ ಪೂರ್ವಕ್ಕಿರುವುದರಿಂದ ಹೀಗೆ. ಮಾರ್ಚ್‌ನಿಂದ ಮೇವರೆಗೆ ನಡುಮಧ್ಯಾಹ್ನ ಎಲೆಯ ಚಿತ್ರಕ್ಕೆ ನಾಲ್ಕರಿಂದ ಎಂಟು ನಿಮಿಷ, ಓಎಚ್‌ಪಿ ನೆಗೆಟಿವ್‌ಗೆ ಎಂಟರಿಂದ ಹದಿನೈದು ನಿಮಿಷ ಇಟ್ಟು ಶುರು ಮಾಡಬಹುದು. ಡಿಸೆಂಬರಿನಲ್ಲಿ ಸೂರ್ಯ ನಡುಮಧ್ಯಾಹ್ನವೂ ದಿಗಂತದಿಂದ ಸುಮಾರು 54 ಡಿಗ್ರಿಗಷ್ಟೇ ಏರುತ್ತಾನೆ. ಆಗ ಹಲಗೆಯನ್ನು ದಕ್ಷಿಣಕ್ಕೆ ಓರೆಯಾಗಿ ನಿಲ್ಲಿಸಿ, ಹೊತ್ತು ಒಂದೂವರೆ ಪಟ್ಟು ಮಾಡಿ. ಮೋಡದ ದಿನವೂ ನೇರಳಾತೀತ ಕಿರಣ ಸಾಕಷ್ಟು ಇಳಿಯುತ್ತದೆ, ಇಪ್ಪತ್ತರಿಂದ ನಲವತ್ತು ನಿಮಿಷ ತಾಳ್ಮೆ ಬೇಕು ಅಷ್ಟೆ. ಮೋಡದಲ್ಲಿ ಅಂಚುಗಳು ಮೃದುವಾಗುವುದು ಕೆಲವು ಚಿತ್ರಗಳಿಗೆ ಒಪ್ಪುತ್ತದೆ. ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ಈ ಊರಿಗೆ ಶೂನ್ಯ ನೆರಳಿನ ದಿನ, ಸೂರ್ಯ ನಿಖರವಾಗಿ ನೆತ್ತಿಯ ಮೇಲೆ. ಬಳೆ, ಕೀಲಿಕೈ, ಬೀಜದ ಕಾಯಿಯಂಥ ದಪ್ಪ ವಸ್ತುಗಳ ನೆರಳು ಓರೆಯಾಗಿ ಚೆಲ್ಲದೆ ಕಾಲಡಿಗೇ ಬೀಳುವುದರಿಂದ ಅವುಗಳ ಆಕಾರ ಆ ಹೊತ್ತಿನಲ್ಲಿ ಬಹಳ ಸ್ಪಷ್ಟ. ಶಾಲೆಗಳಲ್ಲಿ ಖಗೋಳ ಪಾಠವನ್ನೂ ರಸಾಯನ ಪಾಠವನ್ನೂ ಒಟ್ಟಿಗೆ ಮಾಡಲು ಇದಕ್ಕಿಂತ ಒಳ್ಳೆಯ ದಿನ ಇಲ್ಲ.

ನಿಮಿಷಗಳಿಗಿಂತ ಕಾಗದದ ಬಣ್ಣವನ್ನು ನಂಬಿ. ಹಳದಿಹಸಿರು ಮೊದಲು ನೀಲಿಹಸಿರಾಗಿ, ಆಮೇಲೆ ಕಡು ನೀಲಿಯಾಗಿ, ಕೊನೆಗೆ ಕಂಚಿನ ಹೊಳಪಿರುವ ಬೂದುಬಣ್ಣಕ್ಕೆ ಬರುತ್ತದೆ. ಆ ಬೂದು ಕಂಡಾಗ ತೆಗೆಯಬೇಕು. ಹೊಸಬರು ನೀಲಿ ಕಂಡ ಕೂಡಲೇ ತೆಗೆದುಬಿಡುತ್ತಾರೆ, ತೊಳೆದಾಗ ಅದರಲ್ಲಿ ಬಹುಪಾಲು ಹರಿದುಹೋಗುತ್ತದೆ. ಒಂದು ಸಣ್ಣ ಪಟ್ಟಿಯನ್ನು ರಟ್ಟಿನಿಂದ ಎರಡೆರಡು ನಿಮಿಷಕ್ಕೆ ಸ್ವಲ್ಪ ಸ್ವಲ್ಪ ಮುಚ್ಚುತ್ತ ಹೋದರೆ ಆ ದಿನದ ಬಿಸಿಲಿನ ಲೆಕ್ಕ ಸಿಗುತ್ತದೆ. ಕಾಯುವಾಗ ನೀವು ನೆರಳಿನಲ್ಲಿರಿ, ಟೋಪಿ ಹಾಕಿ. ಕಾಗದವನ್ನು ಕಪ್ಪಾಗಿಸುವ ಕಿರಣವೇ ಚರ್ಮವನ್ನೂ ಸುಡುವುದು.

ಈಗ ನೀರು. ಮೂರು ಟ್ರೇ ಸಾಕು. ಮೊದಲನೆಯದರಲ್ಲಿ ಲೀಟರ್ ನೀರಿಗೆ ಕಾಲು ಟೀ ಚಮಚ ನಿಂಬೆ ಉಪ್ಪು, ಇಲ್ಲವೇ ಎರಡು ಊಟದ ಚಮಚ ಬಿಳಿ ವಿನೆಗರ್. ಇದರಲ್ಲಿ ಒಂದೆರಡು ನಿಮಿಷ ಕಾಗದವನ್ನು ಅಲುಗಾಡಿಸಿ. ಗಡಸು ನೀರಿನ ಕ್ಷಾರ ಇಲ್ಲೇ ಸತ್ತುಹೋಗುತ್ತದೆ, ತೆಳು ಛಾಯೆ ಉಳಿಯುತ್ತದೆ. ಎರಡನೆಯ, ಮೂರನೆಯ ಟ್ರೇಗಳಲ್ಲಿ ಐದೈದು ನಿಮಿಷ, ನೀರು ಬದಲಿಸುತ್ತ, ಬಿಳಿಯಲ್ಲಿ ಹಳದಿ ಇಲ್ಲದಾಗುವವರೆಗೆ. ಬೋರ್ ನೀರಾದರೆ ಈ ಟ್ರೇಗಳಿಗೂ ಒಂದು ಚಿಟಿಕೆ ನಿಂಬೆ ಉಪ್ಪು ಹಾಕಿ, ಕೊನೆಯ ಜಾಲಾಡುವಿಕೆಗೆ ಒಂದು ಲೋಟ ಆರ್‌ಒ ನೀರು. ನಲ್ಲಿ ಬಿಟ್ಟು ಹರಿಸುತ್ತ ತೊಳೆಯುವ ಅಭ್ಯಾಸ ಬಿಡಬೇಕು. ಚಿತ್ರಕ್ಕೂ ಒಳ್ಳೆಯದಲ್ಲ, ಪ್ರತಿ ಬೇಸಿಗೆಯಲ್ಲೂ ಟ್ಯಾಂಕರಿಗೆ ಕಾಯುವ ಊರಿಗೂ ಒಪ್ಪುವುದಲ್ಲ. ತೊಳೆದಾಗ ಕಾಣುವ ನೀಲಿ ಪೂರ್ತಿ ನೀಲಿಯಲ್ಲ, ಗಾಳಿಯ ಆಮ್ಲಜನಕದಲ್ಲಿ ಒಂದು ದಿನ ಒಣಗುತ್ತ ಅದು ಗಾಢವಾಗುತ್ತದೆ. ತಡೆಯಲಾಗದವರು ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್ ಅನ್ನು ಲೀಟರಿಗೆ ಒಂದೆರಡು ಚಮಚ ಹಾಕಿ ಅದ್ದಿದರೆ ಕಣ್ಣೆದುರೇ ಆ ಬದಲಾವಣೆ ನೋಡಬಹುದು.

ತೊಳೆದ ನೀರನ್ನು ಎಲ್ಲಿ ಬಿಡುವುದು ಎಂಬುದನ್ನು ಯಾರೂ ಕಡೆಗಣಿಸಬಾರದು. ನೀರಿನಲ್ಲಿ ಕರಗಿದ ಫೆರಿಸಯನೈಡ್ ಬಿಸಿಲಿಗೆ ಬಿದ್ದರೆ ನಿಧಾನವಾಗಿ ಒಡೆದು ಸಯನೈಡ್ ಬಿಡುತ್ತದೆ, ಮೀನಿಗೆ ಅದು ಅತಿ ಸ್ವಲ್ಪವಿದ್ದರೂ ಮಾರಕ. ಮಳೆನೀರಿನ ಚರಂಡಿಗೆ ಬಿಟ್ಟದ್ದು ರಾಜಕಾಲುವೆ ಹಿಡಿದು ಕೆರೆ ಸೇರುತ್ತದೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯ ಮೇಲೆ ಸಾವಿರಾರು ಸತ್ತ ಮೀನು ತೇಲಿದ್ದನ್ನು ಈ ಭಾಗದವರು ಮರೆತಿರಲಾರರು. ಅದು ಕೊಳಚೆ ನೀರಿನಿಂದ ಆದ ದುರಂತ. ಅಂಥ ಕೆರೆಗೆ ನಮ್ಮ ಕಡೆಯಿಂದ ಇನ್ನೊಂದು ಹನಿ ವಿಷ ಸೇರಬಾರದು. ಆದ್ದರಿಂದ ತೊಳೆದ ನೀರು ತಾರಸಿಯ ಮಳೆಕೊಳವೆಗೂ ಬೇಡ, ಗಿಡದ ಬುಡಕ್ಕೂ ಬೇಡ, ಬಿಸಿಲಿನಲ್ಲಿ ತೆರೆದ ಬಕೆಟ್ಟಿನಲ್ಲೂ ಬೇಡ. ಏಳೆಂಟು ಹಾಳೆ ತೊಳೆದ ನೀರನ್ನು ಧಾರಾಳ ನೀರು ಬೆರೆಸಿ ಬಚ್ಚಲಿನ ಮೂಲಕ ಒಳಚರಂಡಿಗೆ ಬಿಡಬಹುದು. ಸ್ನಾನಕ್ಕೆ ಬಳಸಿ ಉಳಿದ ನೀರನ್ನೇ ಅದಕ್ಕೆ ಸುರಿದರಾಯಿತು. ಮಿಕ್ಕ ದ್ರಾವಣವನ್ನು ಹಾಗೆ ಚೆಲ್ಲಬೇಡಿ. ಹಳೆ ಪೇಪರಿಗೆ ಬಳಿದು, ಒಣಗಿಸಿ, ಪೂರ್ತಿ ಬಿಸಿಲಿಗೆ ಒಡ್ಡಿದರೆ ಬಹುಪಾಲು ಕರಗದ ನೀಲಿಯಾಗಿ ಕಾಗದದಲ್ಲೇ ನಿಲ್ಲುತ್ತದೆ, ಒಣಕಸದಿಂದ ಬೇರೆಯಾಗಿ ಕಟ್ಟಿ ಕೊಡಬಹುದು. ಶಾಲೆ, ಕಾಲೇಜುಗಳಲ್ಲಿ ಐವತ್ತು ಮಂದಿ ಕೂತು ಮಾಡುವಾಗ ಲೆಕ್ಕ ಬೇರೆ. ಮೊದಲ ಟ್ರೇಯ ನೀರನ್ನು ಮುಚ್ಚಳದ ಡಬ್ಬದಲ್ಲಿ ಕತ್ತಲಲ್ಲಿ ಶೇಖರಿಸಿ, ರಸಾಯನ ವಿಭಾಗದ ತ್ಯಾಜ್ಯದ ಜೊತೆ ಕಳುಹಿಸುವ ಏರ್ಪಾಡು ಮೊದಲೇ ಆಗಿರಬೇಕು.

ನೀಲಿ ಬೇಡ, ಕಂದು ಬೇಕು ಎನ್ನುವವರಿಗೆ ದಾರಿ ಇದೆ. ಲೀಟರ್ ನೀರಿಗೆ ಒಂದು ಟೀ ಚಮಚ ವಾಷಿಂಗ್ ಸೋಡಾ ಹಾಕಿ ಚಿತ್ರವನ್ನು ಅದ್ದಿದರೆ ನೀಲಿ ಕರಗಿ ಹಳದಿಯಾಗುತ್ತದೆ. ಚೆನ್ನಾಗಿ ತೊಳೆದು ಕಡು ಡಿಕಾಕ್ಷನ್ನಿನಂಥ ಟೀಯಲ್ಲಿ ನೆನೆಸಿದರೆ ಅದರ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಕಪ್ಪುಗಂದು ಮೂಡುತ್ತದೆ.

ಒಣಗಿದ ಚಿತ್ರ ನೂರಾರು ವರ್ಷ ಬಾಳಬಲ್ಲದು, ಆಟ್ಕಿನ್ಸ್ ಅವರ ಹಾಳೆಗಳು ಈಗಲೂ ಗಾಢ ನೀಲಿಯಲ್ಲಿವೆ. ಬಿಸಿಲು ಬೀಳುವ ಗೋಡೆಯ ಮೇಲೆ ತೂಗುಹಾಕಿದರೆ ನಿಧಾನವಾಗಿ ಮಂಕಾಗುತ್ತದೆ. ಹಾಗಾದಾಗ ಗಾಬರಿ ಬೇಡ, ಕೆಲವು ವಾರ ಗಾಳಿಯಾಡುವ ಕತ್ತಲ ಜಾಗದಲ್ಲಿಟ್ಟರೆ ಬಣ್ಣದ ಬಹುಭಾಗ ಮರಳುತ್ತದೆ. ಬಟ್ಟೆಯ ಮೇಲಿನ ಚಿತ್ರವನ್ನು ಸಾಮಾನ್ಯ ಡಿಟರ್ಜೆಂಟಿನಲ್ಲಿ ಒಗೆದರೆ ಒಂದೇ ಸಲಕ್ಕೆ ಹಳದಿಯಾಗುತ್ತದೆ. ಉಣ್ಣೆ ಬಟ್ಟೆಗೆ ಮಾರುವ ಕ್ಷಾರವಿಲ್ಲದ ದ್ರವ ಸಾಬೂನು, ತಣ್ಣೀರು, ಕೈಯಲ್ಲಿ ಮೆಲ್ಲನೆ ಹಿಂಡುವುದು, ಇಷ್ಟೇ ಅದಕ್ಕೆ ಒಗ್ಗುವುದು. ಫ್ರೇಮ್ ಹಾಕಿಸುವಾಗ ಚಿತ್ರದ ಹಿಂದೆ ಇಡುವ ರಟ್ಟು ಸುಣ್ಣದ ಅಂಶವಿಲ್ಲದ್ದಾಗಿರಲಿ, ಗಾಜಿಗೂ ಚಿತ್ರಕ್ಕೂ ನಡುವೆ ಒಂದು ಎಳೆಯಷ್ಟು ಜಾಗ ಬಿಡಲಿ ಎಂದು ಅಂಗಡಿಯವರಿಗೆ ಬಾಯಿಬಿಟ್ಟು ಹೇಳಿ. ಬಿಸಿಲು ತಡೆಯುವ ಗಾಜು ಬೇಕೆಂದು ಕೇಳಬೇಕಾದದ್ದು ಮುದ್ರಿಸುವಾಗಲ್ಲ, ಈ ಹೊತ್ತಿನಲ್ಲಿ.